ನೇಜಿಯ ಬೇರಿಗೆ ಅಜೋಸ್ಪಿರಿಲಮ್: ಬೆಟ್ಟುಗದ್ದೆಯಲ್ಲಿ ಫಲ ಕಂಡಿತು, ಬೈಲುಗದ್ದೆಯಲ್ಲಿ ಏಕೆ ಕಾಣಲಿಲ್ಲ?

ಭತ್ತದ ಕೃಷಿಕ, ಕೊಕ್ಕರ್ಣೆ

ಈ ವರ್ಷದ ಏಣೇಲು (ಮಳೆಗಾಲದ ಬೆಳೆ) ನಾಟಿಯಲ್ಲಿ ಕಂಡ ಒಂದು ಸಂಗತಿಯನ್ನು ಇಲ್ಲಿ ಇಡುತ್ತಿದ್ದೇನೆ. ತಿಳಿದವರು ದಯವಿಟ್ಟು ವಿವರಿಸಬೇಕು.

ನಮಗೆ ಎರಡು ತುಂಡು ಗದ್ದೆಗಳಿವೆ. ಮನೆಯ ಕೆಳಗಿನ ಬೈಲುಗದ್ದೆಗೆ ಅಜ್ಜನ ಕಾಲದಿಂದಲೂ ಹಟ್ಟಿಗೊಬ್ಬರ ಮತ್ತು ಸೊಪ್ಪು ಬೀಳುತ್ತ ಬಂದಿದೆ. ಮೇಲಿನ ಬೆಟ್ಟುಗದ್ದೆ ಹದಿನೈದು ವರ್ಷ ಹಡಿಲು ಬಿದ್ದಿತ್ತು. ಎರಡು ವರ್ಷದ ಹಿಂದೆ ಪೊದೆ ಕಡಿದು ಮತ್ತೆ ಉಳುಮೆ ಆರಂಭಿಸಿದೆವು. ಎರಡಕ್ಕೂ ಒಂದೇ ಮಡಿಯ ಎಂಒ4 ಎಂಬ ಭತ್ತದ ತಳಿಯ ನೇಜಿ (ಸಸಿ). ನಾಟಿಯ ದಿನ ಅಜೋಸ್ಪಿರಿಲಮ್ ಎಂಬ ಜೀವಾಣು ಗೊಬ್ಬರದ ಪೊಟ್ಟಣವನ್ನು ನೀರಿನಲ್ಲಿ ಕದಡಿ, ನೇಜಿಯ ಬೇರನ್ನು ಅರ್ಧ ಗಂಟೆ ಅದ್ದಿಟ್ಟು ನೆಟ್ಟೆವು. ಎರಡೂ ಗದ್ದೆಗಳ ಒಂದೊಂದು ಮೂಲೆಗೆ ಮಾತ್ರ ಅದ್ದದ ನೇಜಿಯನ್ನು ಹಾಕಿ, ಕೋಲು ಊರಿ ಗುರುತು ಮಾಡಿದ್ದೆ.

ಇಪ್ಪತ್ತೈದು ದಿನ ಕಳೆದ ಮೇಲೆ ಕೆಲವು ಬುಡಗಳನ್ನು ಮಣ್ಣುಸಹಿತ ಎಬ್ಬಿಸಿ, ತೋಡಿನ ನೀರಿನಲ್ಲಿ ಮೆಲ್ಲನೆ ತೊಳೆದು ನೋಡಿದೆ. ಬೆಟ್ಟುಗದ್ದೆಯಲ್ಲಿ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸವಿತ್ತು: ಅದ್ದಿ ನೆಟ್ಟ ಬುಡಗಳಲ್ಲಿ ಎಳೆಯ ಬೇರುಗಳು ತೆಂಗಿನ ನಾರಿನಂತೆ ದಟ್ಟವಾಗಿ ಮಣ್ಣನ್ನು ಹಿಡಿದುಕೊಂಡಿದ್ದವು. ಬೈಲುಗದ್ದೆಯಲ್ಲಿ ಅದ್ದಿದ್ದಕ್ಕೂ ಅದ್ದದ್ದಕ್ಕೂ ಯಾವ ವ್ಯತ್ಯಾಸವೂ ಇಲ್ಲ. ಒಳ್ಳೆಯ ಮಣ್ಣಿನಲ್ಲಿ ಈ ಜೀವಾಣು ಇನ್ನಷ್ಟು ಚೆನ್ನಾಗಿ ಕೆಲಸ ಮಾಡಬೇಕಿತ್ತಲ್ಲವೇ? ಇನ್ನೊಂದು ಸಂದೇಹವೂ ಇದೆ. ಪೊಟ್ಟಣದ ಮೇಲೆ ಸಾರಜನಕ ಕೊಡುವ ಗೊಬ್ಬರವೆಂದು ಬರೆದಿದೆ, ಆದರೆ ಎಲೆಯ ಹಸಿರು ಹೆಚ್ಚಿದ್ದನ್ನು ನಾನು ಕಾಣಲಿಲ್ಲ, ಹೆಚ್ಚಿದ್ದು ಬೇರು.

ಸೂಕ್ಷ್ಮಜೀವಿಶಾಸ್ತ್ರದ ಅಧ್ಯಾಪಕಿ, ಮಂಗಳೂರು

ಅಣ್ಣಾ, ಅದ್ದದ ನೇಜಿಗೆಂದು ಒಂದು ಮೂಲೆ ಬಿಟ್ಟದ್ದು ಬಹಳ ಒಳ್ಳೆಯದಾಯಿತು; ಅದಿಲ್ಲದಿದ್ದರೆ ನಾವು ಮಾತನಾಡಲು ಏನೂ ಇರುತ್ತಿರಲಿಲ್ಲ. ಉತ್ತರಿಸುವ ಮೊದಲು ಒಂದು ಪ್ರಶ್ನೆ. ಎರಡು ಗದ್ದೆಗಳ ಅದ್ದದ ಬುಡಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ್ದೀರಾ?

ಭತ್ತದ ಕೃಷಿಕ, ಕೊಕ್ಕರ್ಣೆ

ನೀವು ಕೇಳಿದ ಮೇಲೆ ಇವತ್ತು ಬೆಳಿಗ್ಗೆ ಎರಡೆರಡು ಬುಡ ಎಬ್ಬಿಸಿ ಜಗಲಿಯಲ್ಲಿ ಸಾಲಾಗಿ ಇಟ್ಟು ನೋಡಿದೆ ಮೇಡಂ. ಬೆಟ್ಟುಗದ್ದೆಯ ಅದ್ದದ ಬುಡ ಬಡವಾಗಿದೆ. ಬೈಲುಗದ್ದೆಯ ಅದ್ದದ ಬುಡದಲ್ಲಿ ಬೆಟ್ಟುಗದ್ದೆಯ ಅದ್ದಿದ ಬುಡಕ್ಕಿಂತಲೂ ಬೇರು ಹೆಚ್ಚಿದೆ.

ಸೂಕ್ಷ್ಮಜೀವಿಶಾಸ್ತ್ರದ ಅಧ್ಯಾಪಕಿ, ಮಂಗಳೂರು

ಹಾಗಾದರೆ ನಿಮ್ಮ ಜಗಲಿಯಲ್ಲಿಯೇ ಉತ್ತರವಿದೆ. ಪೊಟ್ಟಣದಿಂದ ಬಂದ ಬ್ಯಾಕ್ಟೀರಿಯಾ ಮಾಡಬೇಕಾದ ಕೆಲಸವನ್ನು ಬೈಲುಗದ್ದೆಯ ಮಣ್ಣಿನಲ್ಲಿದ್ದ ಬ್ಯಾಕ್ಟೀರಿಯಾಗಳು ಮೊದಲೇ ಮಾಡುತ್ತಿದ್ದವು. ಹೊಸದಾಗಿ ಬಂದವಕ್ಕೆ ಅಲ್ಲಿ ಬೇರಿನ ಮೇಲೆ ನಿಲ್ಲಲು ಜಾಗವೂ ಕಡಿಮೆ, ತಿನ್ನಲು ಪಾಲೂ ಕಡಿಮೆ.

ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬೇರಿಗೆ ತಾಗಿಕೊಂಡಿರುವ ತೆಳುವಾದ ಮಣ್ಣಿನ ಪದರಕ್ಕೆ ಜರ್ಮನಿಯ ಲೊರೆಂಜ್ ಹಿಲ್ಟ್ನರ್ 1904ರಲ್ಲಿ ರೈಜೋಸ್ಫಿಯರ್ ಎಂಬ ಹೆಸರು ಕೊಟ್ಟರು. ನಾವು ಅದನ್ನು ಬೇರುವಲಯ ಎನ್ನೋಣ. ಗಿಡವು ಎಲೆಯಲ್ಲಿ ಮಾಡಿಕೊಂಡ ಸಕ್ಕರೆಯ ಒಂದು ಪಾಲನ್ನೂ ಅದರ ಜೊತೆಗೆ ಸಾವಯವ ಆಮ್ಲಗಳು, ಅಮೈನೋ ಆಮ್ಲಗಳನ್ನೂ ಬೇರಿನಿಂದ ಹೊರಗೆ ಬಿಡುತ್ತದೆ. ಅದನ್ನು ಉಣ್ಣಲು ಬ್ಯಾಕ್ಟೀರಿಯಾಗಳು ಅಲ್ಲಿ ಸೇರುತ್ತವೆ. ಹೀಗೆ ಸಿಗುವ ಅಮೈನೋ ಆಮ್ಲಗಳಲ್ಲಿ ಟ್ರಿಪ್ಟೋಫಾನ್ ಒಂದು. ಅಜೋಸ್ಪಿರಿಲಮ್, ಸ್ಯೂಡೋಮೊನಾಸ್, ಬ್ಯಾಸಿಲಸ್, ರೈಜೋಬಿಯಂ ಮುಂತಾದವು ಟ್ರಿಪ್ಟೋಫಾನನ್ನು ಇಂಡೋಲ್ ಅಸಿಟಿಕ್ ಆಮ್ಲವಾಗಿ ಮಾರ್ಪಡಿಸಬಲ್ಲವು. ಇದೇ ಆಮ್ಲವು ಗಿಡದ ಸ್ವಂತ ಬೆಳವಣಿಗೆಯ ಹಾರ್ಮೋನಾದ ಆಕ್ಸಿನ್‌ನ ಮುಖ್ಯ ರೂಪ. ಬೇರುವಲಯದ ಬ್ಯಾಕ್ಟೀರಿಯಾಗಳಲ್ಲಿ ಶೇ. 80ರಷ್ಟಕ್ಕೆ ಈ ಸಾಮರ್ಥ್ಯವಿದೆ ಎಂಬ ಅಂದಾಜನ್ನು ಈ ವಿಷಯದ ಬರಹಗಳಲ್ಲಿ ಮತ್ತೆ ಮತ್ತೆ ಕಾಣುತ್ತೇವೆ.

ಆಕ್ಸಿನ್ ಜೀವಕೋಶದ ಗೋಡೆಯನ್ನು ಸಡಿಲಗೊಳಿಸಿ ಕೋಶವು ಹಿಗ್ಗುವಂತೆ ಮಾಡುತ್ತದೆ; ಬೇರಿನಲ್ಲಿ ಬದಿಯ ಬೇರುಗಳು ಎಲ್ಲಿ ಮೊಳೆಯಬೇಕೆಂಬುದನ್ನು ನಿರ್ಧರಿಸುತ್ತದೆ. ಗಿಡವು ಇದನ್ನು ಮುಖ್ಯವಾಗಿ ಎಳೆಯ ಕುಡಿಗಳಲ್ಲಿ ತಯಾರಿಸಿ ಕೆಳಕ್ಕೆ ಕಳುಹಿಸುತ್ತದೆ. ಬ್ಯಾಕ್ಟೀರಿಯಾ ಕೊಡುವ ಪಾಲು ಅದಕ್ಕೆ ಸೇರಿಕೊಂಡಾಗ ಬದಿಯ ಬೇರುಗಳು ಮತ್ತು ಬೇರುರೋಮಗಳು ಹೆಚ್ಚುತ್ತವೆ. ಹೆಚ್ಚು ಬೇರುಗಳಿಂದ ಹೆಚ್ಚು ಸ್ರಾವ ಹೊರಬರುವುದರಿಂದ ಬ್ಯಾಕ್ಟೀರಿಯಾಕ್ಕೂ ಊಟ ಹೆಚ್ಚುತ್ತದೆ. ನಿಮ್ಮ ಬೆಟ್ಟುಗದ್ದೆಯ ಬುಡದಲ್ಲಿ ಕಂಡದ್ದು ಇದೇ.

ಭತ್ತದ ಕೃಷಿಕ, ಕೊಕ್ಕರ್ಣೆ

ಹಾಗಾದರೆ ಸಾರಜನಕದ ಮಾತು ಸುಳ್ಳೇ?

ಸೂಕ್ಷ್ಮಜೀವಿಶಾಸ್ತ್ರದ ಅಧ್ಯಾಪಕಿ, ಮಂಗಳೂರು

ಸುಳ್ಳಲ್ಲ, ಅಪೂರ್ಣ. ಅಜೋಸ್ಪಿರಿಲಮ್ ಗಾಳಿಯ ಸಾರಜನಕವನ್ನು ಹಿಡಿಯಬಲ್ಲ ಬ್ಯಾಕ್ಟೀರಿಯಾ ಎಂಬುದು ನಿಜ. ಬ್ರೆಜಿಲ್‌ನ ಯೊಹಾನ ಡೋಬರೈನರ್ ಮತ್ತು ಅವರ ಸಂಗಡಿಗರು ಹುಲ್ಲಿನ ಜಾತಿಯ ಬೆಳೆಗಳ ಬೇರಿನಲ್ಲಿ ಇದನ್ನು ಅಧ್ಯಯನ ಮಾಡಿದ್ದು ಸಾರಜನಕದ ಆಸೆಯಿಂದಲೇ. ಅಜೋಸ್ಪಿರಿಲಮ್ ಬ್ರೆಸಿಲೆನ್ಸ್ ಎಂಬ ಹೆಸರು 1978ರಲ್ಲಿ ಬಂತು. ಆದರೆ ಸಾರಜನಕ ಹಿಡಿಯುವ ಶಕ್ತಿಯನ್ನೇ ಕಳೆದುಕೊಂಡ ರೂಪಾಂತರಿತ ತಳಿಗಳನ್ನು ಬೇರಿಗೆ ಕೊಟ್ಟಾಗಲೂ ಗಿಡ ಚೆನ್ನಾಗಿ ಬೆಳೆಯಿತು. ಇನ್ನೊಂದು ಕಡೆ, ಆಕ್ಸಿನ್ ಉತ್ಪಾದನೆ ತೀರಾ ಕುಗ್ಗಿದ ತಳಿಗಳನ್ನು ಕೊಟ್ಟಾಗ ಬೇರಿನ ಮೇಲಿನ ಪರಿಣಾಮ ಬಹುಮಟ್ಟಿಗೆ ಮಾಯವಾಯಿತು. ಈ ಎರಡು ಬಗೆಯ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ಮೇಲೆ, ಅಜೋಸ್ಪಿರಿಲಮ್‌ನ ಉಪಕಾರದ ದೊಡ್ಡ ಪಾಲು ಹಾರ್ಮೋನಿನ ದಾರಿಯಿಂದ ಬರುತ್ತದೆ ಎಂದು ನಾನು ನಂಬಿದ್ದೇನೆ. ಪೊಟ್ಟಣದ ಮೇಲಿನ ಬರಹ ಮಾತ್ರ ಹಳೆಯ ಕಾಲದಲ್ಲಿಯೇ ಉಳಿದಿದೆ, ಮತ್ತು ಇದರಿಂದ ಕೃಷಿಕರಿಗೆ ನಷ್ಟವಿದೆ. ಸಾರಜನಕವೆಂದು ಕೊಂಡವರು ಎಲೆಯನ್ನು ನೋಡುತ್ತಾರೆ, ಹಸಿರು ಕಾಣದಾಗ ಮೋಸವಾಯಿತೆಂದು ಕೈಬಿಡುತ್ತಾರೆ; ಬೇರನ್ನು ಎಬ್ಬಿಸಿ ನೋಡುವುದಿಲ್ಲ.

ಫಲ ಒಂದೆಡೆ ಕಂಡು ಇನ್ನೊಂದೆಡೆ ಕಾಣದಿರುವುದೂ ಹೊಸತಲ್ಲ. ಇಪ್ಪತ್ತು ವರ್ಷಗಳ ಅವಧಿಯಲ್ಲಿ ಹಲವು ದೇಶಗಳಲ್ಲಿ ನಡೆದ ಅಜೋಸ್ಪಿರಿಲಮ್ ಪ್ರಯೋಗಗಳ ಪರಿಶೀಲನೆಯೊಂದು 1994ರಲ್ಲಿ ಪ್ರಕಟವಾಯಿತು. ಅದರಲ್ಲಿ ಶೇ. 60ರಿಂದ 70ರಷ್ಟು ಪ್ರಯೋಗಗಳು ಯಶಸ್ವಿಯಾಗಿದ್ದವು. ಯಶಸ್ವಿಯಾದಲ್ಲಿ ಇಳುವರಿ ಶೇ. 5ರಿಂದ 30ರವರೆಗೆ ಹೆಚ್ಚಿತ್ತು. ಅಂದರೆ ಮೂರರಲ್ಲಿ ಒಂದು ಕಡೆ ಏನೂ ಕಾಣದಿರುವುದು ಸಹಜವೇ.

ಮಲ್ಲಿಗೆ ಬೆಳೆಗಾರ್ತಿ, ಶಂಕರಪುರ

ಈ ಚರ್ಚೆ ಓದಿ ನನ್ನ ಹಳೆಯ ಒಂದು ನಷ್ಟದ ಕಾರಣ ಸಿಗಬಹುದೇನೋ ಎನಿಸಿತು. ನಮ್ಮಲ್ಲಿ ಮಲ್ಲಿಗೆಯ ಗೆಲ್ಲು ಕತ್ತರಿಸಿ ಬೇರು ಬರಿಸುವುದು ವಾಡಿಕೆ. ಮೂರು ವರ್ಷದ ಹಿಂದೆ, ಹೆಚ್ಚು ಹಾಕಿದರೆ ಹೆಚ್ಚು ಬೇರು ಬಂದೀತೆಂದು, ದಪ್ಪ ಸೆಗಣಿ ಬಗ್ಗಡಕ್ಕೆ ಎರಡು ಪೊಟ್ಟಣ ಜೀವಾಣು ಬೆರೆಸಿ, ಅದರಲ್ಲಿ ಗೆಲ್ಲುಗಳನ್ನು ಒಂದು ಹಗಲು ಒಂದು ರಾತ್ರಿ ನೆನೆಸಿಟ್ಟೆ. ಬುಡಗಳು ಉಬ್ಬಿಕೊಂಡವು, ಆಮೇಲೆ ಕಪ್ಪಾದವು. ಬೇರು ಬಂದದ್ದು ಬೆರಳೆಣಿಕೆಯಷ್ಟಕ್ಕೆ ಮಾತ್ರ. ಅದೇ ದಿನ ಅತ್ತೆಯವರು ತೆಳು ಸೆಗಣಿ ನೀರಿನಲ್ಲಿ ಸುಮ್ಮನೆ ಅದ್ದಿ ಚುಚ್ಚಿದ್ದ ಗೆಲ್ಲುಗಳು ಚಿಗುರಿದವು. ಮೇಡಂ, ಇದಕ್ಕೂ ನೀವು ಹೇಳಿದ ಹಾರ್ಮೋನಿಗೂ ಸಂಬಂಧವಿದೆಯೇ? ನಾವು ಬುಡಕ್ಕೆ ಸುಡುಮಣ್ಣು ಹಾಕುತ್ತೇವಲ್ಲ, ಸುಟ್ಟಾಗ ಈ ಬ್ಯಾಕ್ಟೀರಿಯಾಗಳೆಲ್ಲ ಸಾಯುವುದಿಲ್ಲವೇ?

ಸೂಕ್ಷ್ಮಜೀವಿಶಾಸ್ತ್ರದ ಅಧ್ಯಾಪಕಿ, ಮಂಗಳೂರು

ಅಕ್ಕಾ, ಸಂಬಂಧವಿದೆ. ಈ ವಿಷಯದಲ್ಲಿ ನಾನು ಎಲ್ಲರಿಗೂ ಒತ್ತಿ ಹೇಳಬೇಕೆಂದಿದ್ದ ಮಾತೇ ನಿಮ್ಮ ಅನುಭವದಲ್ಲಿದೆ. ಗೊಬ್ಬರವನ್ನು ಕಿಲೋದಲ್ಲಿ ಲೆಕ್ಕ ಹಾಕುತ್ತೇವೆ. ಹಾರ್ಮೋನಿನ ಲೆಕ್ಕ ಮೈಕ್ರೋಗ್ರಾಮಿನಲ್ಲಿ, ಅಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲಿನಲ್ಲಿ. ಲೀಟರಿಗೆ ಎರಡು ಮೈಕ್ರೋಗ್ರಾಮಿಗಿಂತಲೂ ಕಡಿಮೆ ಇಂಡೋಲ್ ಅಸಿಟಿಕ್ ಆಮ್ಲವೂ ಎಳೆಯ ಬೇರಿನ ಅರಿವಿಗೆ ಬರುತ್ತದೆ. ಅದರ ನೂರು ಪಟ್ಟು ಸಿಕ್ಕಿತೆಂದರೆ ಮುಖ್ಯ ಬೇರು ಉದ್ದವಾಗುವುದು ನಿಂತು, ಮೋಟಾಗಿ, ಬದಿಯಲ್ಲಿ ಕವಲೊಡೆಯುತ್ತದೆ. ಕತ್ತರಿಸಿದ ಗೆಲ್ಲಿಗೆ ಬೇರಿಗಿಂತ ಹೆಚ್ಚು ಆಕ್ಸಿನ್ ಬೇಕು, ಆದರೆ ಅಲ್ಲಿಯೂ ಮಿತಿಯಿದೆ. ಮೀರಿದರೆ ಬುಡದಲ್ಲಿ ಬೇರಿನ ಬದಲು ಗಂಟಿನಂತಹ ಅಂಗಾಂಶ ಉಬ್ಬಿ, ಕೊನೆಗೆ ಕೊಳೆಯುತ್ತದೆ. ಗದ್ದೆಯ ಕಳೆಗೆ ಹೊಡೆಯುವ 2,4-ಡಿ ಕೂಡ ಕೃತಕ ಆಕ್ಸಿನ್‌ ಎಂಬುದನ್ನು ನೆನಪಿಡಿ. ಬೆಳೆಸುವ ವಸ್ತುವೇ ಪ್ರಮಾಣ ಮೀರಿದಾಗ ಕೊಲ್ಲುತ್ತದೆ. ನಿಮ್ಮ ಬಗ್ಗಡದಲ್ಲಿ ಇನ್ನೊಂದು ಕಾರಣವೂ ಸೇರಿತ್ತು: ದಪ್ಪ ಸೆಗಣಿಯಲ್ಲಿ ಅಷ್ಟು ಬ್ಯಾಕ್ಟೀರಿಯಾಗಳು ಉಸಿರಾಡಿ ಆಮ್ಲಜನಕವನ್ನು ಬೇಗ ಮುಗಿಸಿಬಿಡುತ್ತವೆ, ಗೆಲ್ಲಿನ ಗಾಯ ಉಸಿರುಗಟ್ಟಿ ಕಪ್ಪಾಗುತ್ತದೆ. ನಿಮ್ಮ ಅತ್ತೆಯವರ ತೆಳು ನೀರು ಎರಡೂ ತೊಂದರೆಯನ್ನು ತಪ್ಪಿಸಿತು.

ಸೆಗಣಿ ನೀರಿನ ವಾಡಿಕೆಯನ್ನು ಅಂಧಶ್ರದ್ಧೆ ಎಂದು ತಳ್ಳಿಹಾಕುವವರಿಗೆ ಒಂದು ಮಾತು: ಬಿತ್ತನೆ ಬೀಜಕ್ಕೆ ಹಚ್ಚುವ, ಸೆಗಣಿ ಬೆರೆಸಿದ ಬೀಜಾಮೃತದಿಂದ ಪ್ರತ್ಯೇಕಿಸಿದ ಬ್ಯಾಕ್ಟೀರಿಯಾಗಳು ಇಂಡೋಲ್ ಅಸಿಟಿಕ್ ಆಮ್ಲವನ್ನೂ ಜಿಬ್ಬರೆಲಿನ್ ಎಂಬ ಇನ್ನೊಂದು ಬೆಳವಣಿಗೆಯ ಹಾರ್ಮೋನನ್ನೂ ಉತ್ಪಾದಿಸುತ್ತವೆ ಎಂದು ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು 2009ರಲ್ಲಿಯೇ ಪ್ರಕಟಿಸಿದ್ದಾರೆ.

ಸುಡುಮಣ್ಣಿನ ಬಗ್ಗೆ: ಬೆಂಕಿಯ ಬಿಸಿ ತಾಗಿದ ಮಣ್ಣಿನಲ್ಲಿ ಹೆಚ್ಚಿನ ಬ್ಯಾಕ್ಟೀರಿಯಾಗಳು ಸಾಯುತ್ತವೆ, ರೋಗಾಣುಗಳೂ ಕಳೆಯ ಬೀಜಗಳೂ ಸಾಯುತ್ತವೆ. ಬ್ಯಾಸಿಲಸ್‌ನಂತಹವು ಬೀಜಕಗಳ ರೂಪದಲ್ಲಿ ಬಿಸಿಯನ್ನು ಸಾಕಷ್ಟು ತಡೆದುಕೊಳ್ಳುತ್ತವೆ. ಬೂದಿಯಿಂದ ಪೊಟ್ಯಾಶ್ ಸಿಗುತ್ತದೆ, ನಮ್ಮ ಮುರಮಣ್ಣಿನ ಹುಳಿಯೂ ತುಸು ತಗ್ಗುತ್ತದೆ. ಹಾಗೆ ಖಾಲಿಯಾದ ಮಣ್ಣಿನಲ್ಲಿ ಮೊದಲು ಬಂದವರದೇ ರಾಜ್ಯ. ಆದ್ದರಿಂದ ಸುಡುಮಣ್ಣು ಪೂರ್ತಿ ತಣಿದ ಮೇಲೆ, ಗೆಲ್ಲು ಚುಚ್ಚುವ ಮೊದಲು, ಒಳ್ಳೆಯ ಹಟ್ಟಿಗೊಬ್ಬರವನ್ನಾಗಲಿ ಜೀವಾಣುವನ್ನಾಗಲಿ ಬೆರೆಸಿ. ನಿಮ್ಮ ಬೈಲುಗದ್ದೆಯಲ್ಲಿ ಜಾಗ ಸಿಗದ ಬ್ಯಾಕ್ಟೀರಿಯಾಕ್ಕೆ, ಕೊಕ್ಕರ್ಣೆಯ ಅಣ್ಣಾ, ಇಂತಹ ಮಣ್ಣಿನಲ್ಲಿ ಧಾರಾಳ ಜಾಗವಿದೆ.

ಅಡಿಕೆ ಕೃಷಿಕ, ಮೂಡುಬಿದಿರೆ

ನನ್ನದು ಸ್ವಲ್ಪ ಭಿನ್ನವಾದ ಅನುಮಾನ. ನನ್ನ ಮಗಳು ಪದವಿಯ ಕೊನೆಯ ವರ್ಷದಲ್ಲಿ ನಮ್ಮ ತೋಟದ ಮಣ್ಣಿನಿಂದ ಬ್ಯಾಕ್ಟೀರಿಯಾಗಳನ್ನು ಬೆಳೆಸಿ ಆಕ್ಸಿನ್ ಪರೀಕ್ಷೆ ಮಾಡಿದಳು. ನಳಿಗೆಗಳೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿದವು. ಎಲ್ಲವೂ ಹಾರ್ಮೋನು ಕೊಡುವುದಾದರೆ ನಮ್ಮ ತೋಟದಲ್ಲಿ ಈಚೆಗೆ ನೆಟ್ಟ ಅಡಿಕೆ ಸಸಿಗಳು ಏಕೆ ಏಳುತ್ತಿಲ್ಲ? ಕೊಳೆರೋಗಕ್ಕೆ ನಲವತ್ತು ವರ್ಷಗಳಿಂದ ತಪ್ಪದೆ ಬೋರ್ಡೋ ದ್ರಾವಣ ಬಿಡುತ್ತಿದ್ದೇವೆ. ಅದರ ಪಾತ್ರವೇನಾದರೂ ಇದೆಯೇ?

ಸೂಕ್ಷ್ಮಜೀವಿಶಾಸ್ತ್ರದ ಅಧ್ಯಾಪಕಿ, ಮಂಗಳೂರು

ಮಗಳು ಮಾಡಿದ್ದು ಸಾಲ್ಕೋವ್ಸ್ಕಿ ಪರೀಕ್ಷೆಯಾಗಿರಬೇಕು. ಫೆರಿಕ್ ಕ್ಲೋರೈಡನ್ನು ಪ್ರಬಲ ಆಮ್ಲದಲ್ಲಿ ಕರಗಿಸಿ ಬೆರೆಸಿದಾಗ ಬರುವ ಗುಲಾಬಿ ಬಣ್ಣದ ಗಾಢತೆಯನ್ನು ಸುಮಾರು 530 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆಯುತ್ತಾರೆ. ಅಗ್ಗದ, ಸರಳವಾದ, ಉಪಯುಕ್ತ ಪರೀಕ್ಷೆ. ನಾನೂ ವರ್ಷಗಟ್ಟಲೆ ವಿದ್ಯಾರ್ಥಿಗಳಿಂದ ಮಾಡಿಸಿದ್ದೇನೆ. ಆದರೆ ಅದರ ಮಿತಿಗಳನ್ನು ಹೇಳದೆ ಫಲಿತಾಂಶವನ್ನು ಮಾತ್ರ ಬರೆಯುವುದು ಸರಿಯಲ್ಲ. ಮೊದಲನೆಯದಾಗಿ, ಇಂಡೋಲ್ ಜಾತಿಯ ಬೇರೆ ಕೆಲವು ವಸ್ತುಗಳೂ ಅದೇ ಬಣ್ಣ ಕೊಡುತ್ತವೆ. ಎರಡನೆಯದಾಗಿ, ನಳಿಗೆಯಲ್ಲಿ ನಾವು ಟ್ರಿಪ್ಟೋಫಾನನ್ನು ಧಾರಾಳವಾಗಿ ಸುರಿದಿರುತ್ತೇವೆ. ಬೇರಿನ ಬಳಿ ಅಷ್ಟು ಸಿಗುವುದಿಲ್ಲ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಗುಲಾಬಿ ಬಣ್ಣವು ಮಿತ್ರನಾರು ಶತ್ರುವಾರು ಎಂದು ಹೇಳುವುದಿಲ್ಲ. ಕಾಂಡದ ಬುಡದಲ್ಲಿ ಗಡ್ಡೆ ಎಬ್ಬಿಸುವ ಆಗ್ರೋಬ್ಯಾಕ್ಟೀರಿಯಂ ಕೂಡ ಆಕ್ಸಿನ್ ತಯಾರಿಸುತ್ತದೆ. ಅದು ಸಾಲದೆಂಬಂತೆ ಆಕ್ಸಿನ್ ಮತ್ತು ಸೈಟೋಕೈನಿನ್ ಎಂಬ ಇನ್ನೊಂದು ಹಾರ್ಮೋನು ತಯಾರಿಸುವ ವಂಶವಾಹಿಗಳನ್ನೇ ಗಿಡದ ಕೋಶದೊಳಕ್ಕೆ ಸೇರಿಸಿಬಿಡುತ್ತದೆ, ಆಮೇಲೆ ಗಿಡದ ಕೋಶಗಳೇ ಹತೋಟಿಯಿಲ್ಲದೆ ಹಾರ್ಮೋನು ಮಾಡಿ ಗಡ್ಡೆಯಾಗುತ್ತವೆ. ಇತ್ತ ಆಕ್ಸಿನನ್ನು ತಿಂದೇ ಬದುಕುವವೂ ಮಣ್ಣಿನಲ್ಲಿವೆ; ಸ್ಯೂಡೋಮೊನಾಸ್ ಪುಟಿಡಾದ ಒಂದು ತಳಿಗೆ ಇಂಗಾಲ, ಸಾರಜನಕ ಎರಡಕ್ಕೂ ಅದೊಂದೇ ಸಾಕು. ಮಾಡುವವರು, ತಿನ್ನುವವರು, ಗಿಡದ ಸ್ವಂತ ಲೆಕ್ಕ, ಈ ಮೂರೂ ಕೂಡಿ ಉಳಿದದ್ದೇ ಬೇರಿಗೆ ಸಿಗುವ ಹಾರ್ಮೋನು.

ಬೋರ್ಡೋ ಬಗ್ಗೆ ನಿಮ್ಮ ಊಹೆ ಸರಿಯಾದ ದಿಕ್ಕಿನಲ್ಲಿದೆ. 100 ಲೀಟರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣದ ಲೆಕ್ಕದಲ್ಲಿ ವರ್ಷಕ್ಕೆ ಎರಡು ಮೂರು ಬಾರಿ ಬಿಟ್ಟದ್ದು ಮಳೆಗೆ ತೊಳೆದು ಕೊನೆಗೆ ನೆಲಕ್ಕೇ ಇಳಿಯುತ್ತದೆ. ತಾಮ್ರ ಕರಗಿ ಹೋಗುವುದಿಲ್ಲ, ಮೇಲ್ಮಣ್ಣಿನಲ್ಲಿಯೇ ಕೂಡುತ್ತ ಹೋಗುತ್ತದೆ, ಮತ್ತು ಮಣ್ಣು ಹುಳಿಯಾದಷ್ಟೂ ಅದರ ವಿಷ ಬ್ಯಾಕ್ಟೀರಿಯಾಗಳಿಗೂ ಎಳೆಬೇರಿಗೂ ಹೆಚ್ಚು ತಾಗುತ್ತದೆ. ಬೋರ್ಡೋ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಕೊಳೆರೋಗ ಬಂದ ವರ್ಷದ ಸಂಕಟ ನನ್ನ ತವರಿನ ತೋಟದಲ್ಲಿ ಕಂಡಿದ್ದೇನೆ. ಮಣ್ಣು ಪರೀಕ್ಷೆ ಮಾಡಿಸುವಾಗ ತಾಮ್ರವನ್ನೂ ಕೇಳಿ ಮಾಡಿಸಿ. ಹುಳಿ ಹೆಚ್ಚಿದ್ದರೆ ಸುಣ್ಣ ಕೊಡಿ. ಹಟ್ಟಿಗೊಬ್ಬರ ಮತ್ತು ಸೊಪ್ಪು ತಾಮ್ರವನ್ನು ಹಿಡಿದಿಟ್ಟುಕೊಳ್ಳುತ್ತವೆ. ಜೀವಾಣುವನ್ನು ತೋಟದ ನೆಲಕ್ಕೆ ಚೆಲ್ಲುವುದಕ್ಕಿಂತ ಸಸಿ ಇನ್ನೂ ಪ್ಲಾಸ್ಟಿಕ್ ತೊಟ್ಟೆಯಲ್ಲಿರುವಾಗಲೇ ಕೊಟ್ಟರೆ, ಬೇರು ಅದನ್ನು ಹೊತ್ತುಕೊಂಡು ಹೊಸ ಮಣ್ಣಿಗೆ ಇಳಿಯುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟಬೆಳೆಗಳ ಸಂಶೋಧನಾ ಸಂಸ್ಥೆಯವರು ತೆಂಗಿನ ಸಸಿಗಳಿಗೆಂದು ಬ್ಯಾಸಿಲಸ್ ಮೆಗಟೇರಿಯಂನ ಕೇರಪ್ರೋಬಯೋ ಎಂಬ ಪುಡಿಯನ್ನು ರೂಪಿಸಿದ್ದೂ ಸಸಿಯ ಹಂತವನ್ನು ಗಮನದಲ್ಲಿಟ್ಟುಕೊಂಡೇ.

ಗುಳ್ಳ ಬೆಳೆಗಾರ, ಮಟ್ಟು

ನಮ್ಮ ಮಟ್ಟುಗುಳ್ಳ ಬದನೆಯ ಗದ್ದೆಗಳಲ್ಲಿ ಅಕಾಲದ ಮಳೆಗೆ ಎರಡು ದಿನ ನೀರು ನಿಂತರೆ ಎಲೆಗಳು ಜೋತುಬೀಳುತ್ತವೆ, ಹಳದಿಯಾಗುತ್ತವೆ. ನೀರಿನ ನಡುವೆ ನಿಂತ ಗಿಡ ಬಾಯಾರಿದಂತೆ ಏಕೆ ಬಾಡುತ್ತದೆ ಎಂದು ಯಾವಾಗಲೂ ಯೋಚಿಸಿದ್ದೇನೆ. ಇದರಲ್ಲಿಯೂ ಬ್ಯಾಕ್ಟೀರಿಯಾದಿಂದ ಸಹಾಯವಿದೆಯೇ?

ಸೂಕ್ಷ್ಮಜೀವಿಶಾಸ್ತ್ರದ ಅಧ್ಯಾಪಕಿ, ಮಂಗಳೂರು

ಇದೆ, ಮತ್ತು ನನಗೆ ಅತ್ಯಂತ ಪ್ರಿಯವಾದ ಭಾಗ ಇದೇ. ಇಲ್ಲಿ ಬ್ಯಾಕ್ಟೀರಿಯಾ ಹಾರ್ಮೋನನ್ನು ಕೊಡುವುದಿಲ್ಲ, ತಗ್ಗಿಸುತ್ತದೆ. ನೀರು ನಿಂತಾಗ ಬೇರಿಗೆ ಆಮ್ಲಜನಕ ಸಿಗದೆ ಎಸಿಸಿ ಎಂಬ ವಸ್ತು ಬೇರಿನಲ್ಲಿ ಶೇಖರವಾಗುತ್ತದೆ. ಅದು ಮೇಲೇರಿ, ಗಾಳಿಯಾಡುವ ಎಲೆಗಳನ್ನು ತಲುಪಿದಾಗ ಎಥಿಲೀನ್ ಅನಿಲವಾಗುತ್ತದೆ. ಬಾಳೆಗೊನೆಯನ್ನು ಹಣ್ಣಾಗಿಸುವುದೂ ಇದೇ ಎಥಿಲೀನ್. ಟೊಮೆಟೊ, ಬದನೆಯ ಬಳಗದ ಗಿಡಗಳಲ್ಲಿ ಎಲೆ ಜೋತುಬೀಳುವುದಕ್ಕೂ ಹಳದಿಯಾಗುವುದಕ್ಕೂ ಇದು ಒಂದು ದೊಡ್ಡ ಕಾರಣ. ಬೇರುವಲಯದ ಕೆಲವು ಬ್ಯಾಕ್ಟೀರಿಯಾಗಳಲ್ಲಿ ಎಸಿಸಿ ಡಿಅಮಿನೇಸ್ ಎಂಬ ಕಿಣ್ವವಿದೆ. ಅವು ಬೇರಿನಿಂದ ಸೋರುವ ಎಸಿಸಿಯನ್ನು ಒಡೆದು ಅಮೋನಿಯಾ ಪಡೆದುಕೊಳ್ಳುತ್ತವೆ. ಅಷ್ಟರಮಟ್ಟಿಗೆ ಗಿಡದೊಳಗಿನ ಎಥಿಲೀನ್ ತಗ್ಗುತ್ತದೆ. ಕೆನಡಾದ ಬರ್ನಾರ್ಡ್ ಗ್ಲಿಕ್ ಮತ್ತು ಸಂಗಡಿಗರು ಈ ವಿವರಣೆಯನ್ನು 1998ರಲ್ಲಿ ಮುಂದಿಟ್ಟರು; ಇಂತಹ ಬ್ಯಾಕ್ಟೀರಿಯಾ ಪಡೆದ ಟೊಮೆಟೊ ಗಿಡಗಳು ನೆರೆಯ ನೀರನ್ನು ಹೆಚ್ಚು ಚೆನ್ನಾಗಿ ತಾಳಿಕೊಂಡದ್ದನ್ನು ಮುಂದೆ ಅವರೇ ತೋರಿಸಿದರು. ಇಸ್ರೇಲಿನ ಅರಾವಾ ಒಣಪ್ರದೇಶದ ಮಣ್ಣಿನಿಂದ ತೆಗೆದ ಅಕ್ರೊಮೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಟೊಮೆಟೊಗೆ ಉಪ್ಪುನೀರನ್ನು ತಾಳುವ ಬಲ ಕೊಟ್ಟದ್ದು 2004ರಲ್ಲಿ ಪ್ರಕಟವಾಯಿತು. ಹಿನ್ನೀರಿನ ಉಪ್ಪು ನುಗ್ಗುವ ಗದ್ದೆಗಳಿರುವ ನಮ್ಮ ಕರಾವಳಿಗೆ ಈ ದಿಕ್ಕಿನ ಕೆಲಸ ಬಹಳ ಬೇಕಾಗಿದೆ. ಆದರೂ ಅಣ್ಣಾ, ನೀರು ನಿಲ್ಲದಂತೆ ಕಣಿ ತೆಗೆಯುವುದನ್ನು ಬಿಟ್ಟು ಬ್ಯಾಕ್ಟೀರಿಯಾವನ್ನು ನಂಬಬೇಡಿ.

ನಿವೃತ್ತ ಕೃಷಿ ಸಹಾಯಕ, ಬ್ರಹ್ಮಾವರ

ಪೊಟ್ಟಣದ ಬಗ್ಗೆ ನಾನು ಒಂದೆರಡು ಮಾತು ಸೇರಿಸುತ್ತೇನೆ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಪುಡಿ ರೂಪದ ಅಜೋಸ್ಪಿರಿಲಮ್‌ನಲ್ಲಿ ಗ್ರಾಮಿಗೆ ಕನಿಷ್ಠ 5 ಕೋಟಿ, ದ್ರವರೂಪದಲ್ಲಿ ಮಿಲಿಲೀಟರಿಗೆ ಕನಿಷ್ಠ 10 ಕೋಟಿ ಜೀವಂತ ಕೋಶಗಳಿರಬೇಕು. ಆ ಲೆಕ್ಕ ಪೊಟ್ಟಣ ತಂಪಿನಲ್ಲಿದ್ದಾಗಿನದು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ತಗಡಿನ ಮಾಡಿನ ಕೆಳಗೆ ರಾಶಿ ಹಾಕಿದ್ದನ್ನು ನಾನು ಒಂದು ಅಂಗಡಿಯಲ್ಲಿ ಕಣ್ಣಾರೆ ಕಂಡಿದ್ದೇನೆ. ಅಂತಹದ್ದನ್ನು ಕೊಂಡವರು ಜೀವಾಣು ಬೆರೆಸಿದ್ದ ಬರೀ ಇದ್ದಿಲ ಪುಡಿಗೆ ಹಣ ಕೊಟ್ಟಂತೆ. ತಯಾರಿಕೆಯ ದಿನಾಂಕ ನೋಡಿ, ಪುಡಿಯಾದರೆ ಆರು ತಿಂಗಳು ದಾಟಿದ್ದನ್ನು ತರಬೇಡಿ. ಕ್ಲೋರಿನ್ ಹಾಕಿದ ನಳ್ಳಿ ನೀರಿನಲ್ಲಿ ಕದಡಬೇಡಿ, ಬಾವಿಯ ನೀರು ಬಳಸಿ. ಬೋರ್ಡೋ ಕಲಸಿದ ಡ್ರಮ್ಮಿನಲ್ಲಿಯಂತೂ ಬೇಡವೇ ಬೇಡ.

ಭತ್ತದ ಕೃಷಿಕ, ಕೊಕ್ಕರ್ಣೆ

ಎಲ್ಲರಿಗೂ ಕೃತಜ್ಞತೆಗಳು. ಕೊನೆಯದಾಗಿ ಒಂದು ಪ್ರಶ್ನೆ. ಬೈಲುಗದ್ದೆಯ ಮಣ್ಣಿನಲ್ಲಿಯೇ ಅಷ್ಟು ಬ್ಯಾಕ್ಟೀರಿಯಾಗಳಿರುವುದಾದರೆ, ಮುಂದಿನ ವರ್ಷ ಅಲ್ಲಿಂದ ಒಂದೆರಡು ಬುಟ್ಟಿ ಮಣ್ಣನ್ನು ಬೆಟ್ಟುಗದ್ದೆಗೆ ಸಾಗಿಸಿದರೆ ಸಾಲದೇ?

ಸೂಕ್ಷ್ಮಜೀವಿಶಾಸ್ತ್ರದ ಅಧ್ಯಾಪಕಿ, ಮಂಗಳೂರು

ಮಾಡಿ ನೋಡಬೇಕಾದ ಕೆಲಸವೇ. ಆದರೆ ಗದ್ದೆಗೆ ಹರಡಬೇಡಿ, ನೇಜಿ ಮಡಿಗೆ ಹಾಕಿ. ಬೇರು ಹುಟ್ಟುವ ಹೊತ್ತಿಗೆ ಅವು ಅಲ್ಲಿರಬೇಕು. ಆರೋಗ್ಯವಾಗಿರುವ ಬುಡಗಳ ಬೇರಿಗೆ ಅಂಟಿದ ಮಣ್ಣನ್ನೇ ತೆಗೆಯಿರಿ, ಏಕೆಂದರೆ ರೋಗಾಣುಗಳೂ ಅದೇ ಬುಟ್ಟಿಯಲ್ಲಿ ಪ್ರಯಾಣ ಮಾಡುತ್ತವೆ. ಮತ್ತು ಬೆಟ್ಟುಗದ್ದೆಗೆ ಸೊಪ್ಪು, ಹಟ್ಟಿಗೊಬ್ಬರ ಬೀಳದಿದ್ದರೆ ಹೋದ ಬ್ಯಾಕ್ಟೀರಿಯಾಗಳು ಅಲ್ಲಿ ಹೆಚ್ಚು ಕಾಲ ಉಳಿಯುವುದಿಲ್ಲ. ಹದಿನೈದು ವರ್ಷದ ಹಡಿಲು ಎರಡು ವರ್ಷದಲ್ಲಿ ಬೈಲಾಗದು. ಈ ವರ್ಷದ ಕೋಲುಗಳನ್ನು ಮಾತ್ರ ಕೀಳಬೇಡಿ.

ಭತ್ತದ ಕೃಷಿಕ, ಕೊಕ್ಕರ್ಣೆ

ಕೀಳುವುದಿಲ್ಲ ಮೇಡಂ. ಕೊಯ್ಲಿನ ದಿನ ಅದ್ದಿದ್ದು, ಅದ್ದದ್ದು ಎಂದು ಎರಡೂ ಗದ್ದೆಗಳಲ್ಲಿ ಒಂದೇ ಅಳತೆಯ ಜಾಗದ ಪೈರನ್ನು ಬೇರೆಬೇರೆ ಬಡಿದು, ಒಣಗಿಸಿ, ತೂಗಿ, ನಾಲ್ಕೂ ತೂಕವನ್ನು ಇಲ್ಲಿಯೇ ಬರೆಯುತ್ತೇನೆ.